ನಾಲಂದಾ ವಿದ್ಯಾಪೀಠದ ದಾಖಲೆಗಳು: ಅಳಿದುವು ಮತ್ತು ಉಳಿದುವು

ಪ್ರಾಚೀನ ಭಾರತದ ವಿದ್ಯಾಕೇಂದ್ರಗಳಲ್ಲಿ ನಾಲಂದಾ ಮಹಾವಿಹಾರವು ಅಗ್ರಗಣ್ಯವಾದುದು. ಕ್ರಿ.ಶ. 5ನೆಯ ಶತಮಾನದಲ್ಲಿ, ಗುಪ್ತ ಚಕ್ರವರ್ತಿ ಒಂದನೆಯ ಕುಮಾರಗುಪ್ತನ ಕಾಲದಲ್ಲಿ ಸ್ಥಾಪಿತವಾಯಿತೆಂದು ವಿದ್ವಾಂಸರು ಭಾವಿಸುವ ಈ ವಿದ್ಯಾಪೀಠವು ಏಳುನೂರು ವರ್ಷಗಳಿಗೂ ಮಿಕ್ಕು ಬಾಳಿತು. ದೇಶದೇಶಗಳಿಂದ ವಿದ್ಯಾರ್ಥಿಗಳನ್ನು ಬರಮಾಡಿಕೊಂಡ, ನೂರಾರು ಗ್ರಾಮಗಳ ಉತ್ಪನ್ನದಿಂದ ನಡೆದ ಇಂತಹ ಸಂಸ್ಥೆಯಲ್ಲಿ ಲೆಕ್ಕಪತ್ರಗಳೂ ಹೆಸರಿನ ಪಟ್ಟಿಗಳೂ ಇಲ್ಲದಿರಲು ಸಾಧ್ಯವಿಲ್ಲ. ಆದರೆ ಅವುಗಳಲ್ಲಿ ಒಂದು ಓಲೆಯೂ ಇಂದು ದೊರೆಯುವುದಿಲ್ಲ. ಹಾಗಿದ್ದರೂ ನಾಲಂದೆಯ ಚರಿತ್ರೆ ಅಜ್ಞಾತವಾಗಿ ಉಳಿದಿಲ್ಲ. ತನ್ನ ದಾಖಲೆಗಳನ್ನೆಲ್ಲ ಕಳೆದುಕೊಂಡ ವಿದ್ಯಾಪೀಠವೊಂದರ ಚರಿತ್ರೆ ಉಳಿದು ಬಂದ ಬಗೆ ವಿಚಾರಾರ್ಹವಾಗಿದೆ.

ಮೊದಲಿಗೆ ಆದ ನಷ್ಟವನ್ನು ಗಮನಿಸಬೇಕು. 7ನೆಯ ಶತಮಾನದ ಮೊದಲರ್ಧದಲ್ಲಿ ನಾಲಂದೆಗೆ ಬಂದು ಆಚಾರ್ಯ ಶೀಲಭದ್ರನ ಬಳಿ ವ್ಯಾಸಂಗಮಾಡಿದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನ ಜೀವನಚರಿತ್ರೆಯು ಅಲ್ಲಿ 10,000 ಭಿಕ್ಷುಗಳಿದ್ದರೆಂದೂ, ವಿಹಾರಕ್ಕೆ 100 ಗ್ರಾಮಗಳ ಆದಾಯವಿತ್ತೆಂದೂ ಹೇಳುತ್ತದೆ. ಅದೇ ಶತಮಾನದ ಉತ್ತರಾರ್ಧದಲ್ಲಿ ಸುಮಾರು ಹತ್ತು ವರ್ಷ ಅಲ್ಲಿದ್ದ ಇತ್ಸಿಂಗನು ಭಿಕ್ಷುಗಳ ಸಂಖ್ಯೆ 3,000ಕ್ಕೆ ಮೇಲೆಂದೂ, ಗ್ರಾಮಗಳು 200ಕ್ಕೂ ಹೆಚ್ಚೆಂದೂ ಬರೆಯುತ್ತಾನೆ. ಈ ಎರಡು ಹೇಳಿಕೆಗಳಲ್ಲಿ ಯಾವುದು ಸರಿಯೆಂದು ನಿರ್ಣಯಿಸಲು ವಿಹಾರದ ಒಂದು ಪಟ್ಟಿ ಸಾಕಾಗಿತ್ತು, ಅದು ಇಲ್ಲ. ಆ ಕಾಲದ ಭಾರತದಲ್ಲಿ ನಾಡಿನ ಆಗುಹೋಗುಗಳನ್ನು ಬರೆದಿಡುವ ಅಧಿಕಾರಿಗಳಿದ್ದರೆಂದೂ, ಅಂತಹ ಬರಹಗಳಿಗೆ ‘ನೀಲಪಿಟ’ವೆಂಬ ಹೆಸರಿತ್ತೆಂದೂ ಹ್ಯೂಯೆನ್‌ತ್ಸಾಂಗನೇ ತಿಳಿಸುತ್ತಾನೆ. ಬರೆದಿಡುವ ಪದ್ಧತಿ ಇರಲಿಲ್ಲವೆಂದಲ್ಲ, ಬರೆದುದು ಉಳಿಯಲಿಲ್ಲವೆಂಬುದೇ ಇದರಿಂದ ಸ್ಪಷ್ಟವಾಗುತ್ತದೆ.

ನೆಲದಲ್ಲಿ ಉಳಿದುದು ಮಣ್ಣು ಮತ್ತು ಲೋಹ. 1915ರಿಂದ 1937ರವರೆಗೆ ನಡೆದ ಉತ್ಖನನಗಳಲ್ಲಿ ಭಿಕ್ಷುಸಂಘದ ಹೆಸರುಳ್ಳ ನೂರಾರು ಮಣ್ಣಿನ ಮುದ್ರೆಗಳು ದೊರೆತುವು. ಹರ್ಷವರ್ಧನನ ಮುದ್ರೆಗಳೂ ಕಾಮರೂಪದ ಭಾಸ್ಕರವರ್ಮನ ಮುದ್ರೆಯೂ ಅಲ್ಲಿ ಸಿಕ್ಕಿವೆ. ಮುದ್ರೆಗಳು ಉಳಿದುವು, ಪತ್ರಗಳು ಉಳಿಯಲಿಲ್ಲ. 1921ರಲ್ಲಿ ದೊರೆತ ಪಾಲ ದೊರೆ ದೇವಪಾಲನ ತಾಮ್ರಶಾಸನವು ಇವೆಲ್ಲಕ್ಕಿಂತ ಬೆಲೆಯುಳ್ಳದ್ದು. ಸುವರ್ಣದ್ವೀಪದ ಬಾಲಪುತ್ರದೇವನು ನಾಲಂದೆಯಲ್ಲಿ ಕಟ್ಟಿಸಿದ ವಿಹಾರಕ್ಕೆ, ಅವನ ಕೋರಿಕೆಯಂತೆ, ಐದು ಗ್ರಾಮಗಳನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಪೂಜೆ, ಭಿಕ್ಷುಗಳ ಆಹಾರ, ಔಷಧ, ಜೀರ್ಣೋದ್ಧಾರ ಇವುಗಳೊಡನೆ ಧರ್ಮಗ್ರಂಥಗಳ ಲೇಖನಕ್ಕೂ ಈ ಆದಾಯ ಸಲ್ಲಬೇಕೆಂದು ಶಾಸನ ವಿಧಿಸುತ್ತದೆ. ಗ್ರಂಥಗಳನ್ನು ಪ್ರತಿಮಾಡುವ ಕಾರ್ಯವು ಅನ್ನ ಔಷಧಗಳಷ್ಟೇ ಅಗತ್ಯವೆಂದು ಪರಿಗಣಿತವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಹೀಗೆ ಸಿದ್ಧವಾದ ಪ್ರತಿಗಳು ನಾಲಂದೆಯ ಗೋಡೆಗಳೊಳಗೇ ಉಳಿಯಲಿಲ್ಲ. ಹ್ಯೂಯೆನ್‌ತ್ಸಾಂಗನು 645ರಲ್ಲಿ ಚಾಂಗಾನ್ ನಗರಕ್ಕೆ ಹಿಂದಿರುಗಿದಾಗ ಭಾರತದಿಂದ 657 ಗ್ರಂಥಗಳನ್ನು ಕೊಂಡೊಯ್ದಿದ್ದನು. ಇತ್ಸಿಂಗನು ಸುಮಾರು 400 ಗ್ರಂಥಗಳನ್ನು ಒಯ್ದನು. 8ನೆಯ ಶತಮಾನದಲ್ಲಿ ಆಚಾರ್ಯ ಶಾಂತರಕ್ಷಿತನೂ ಅವನ ಶಿಷ್ಯ ಕಮಲಶೀಲನೂ ಟಿಬೆಟ್ಟಿಗೆ ಹೋದರು. ನಾಲಂದೆಯಲ್ಲಿ ರಾಮಪಾಲನ ಆಳ್ವಿಕೆಯ 15ನೆಯ ವರ್ಷದಲ್ಲಿ ಬರೆದ ಅಷ್ಟಸಾಹಸ್ರಿಕಾ ಪ್ರಜ್ಞಾಪಾರಮಿತೆಯ ತಾಳೆಯೋಲೆಯ ಪ್ರತಿಯೊಂದು ಇಂದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಹೊರಗೆ ಹೋದುದು ಉಳಿಯಿತು; ಒಳಗೆ ಇದ್ದುದು ಅಳಿಯಿತು.

ಇದಕ್ಕೆ ಇನ್ನೊಂದು ನಿದರ್ಶನ ಹೆಚ್ಚು ಮನನೀಯವಾಗಿದೆ. ಶಾಂತರಕ್ಷಿತನ ‘ತತ್ತ್ವಸಂಗ್ರಹ’ವು ಅನ್ಯದರ್ಶನಗಳನ್ನು ಒಂದೊಂದಾಗಿ ಖಂಡಿಸುವ ಗ್ರಂಥ, ಜೈನರ ಸ್ಯಾದ್ವಾದದ ಪರೀಕ್ಷೆಯೂ ಅದರಲ್ಲಿದೆ. ಆದರೆ ಅದರ ಸಂಸ್ಕೃತ ಮೂಲವು ಕಮಲಶೀಲನ ಟೀಕೆಯೊಡನೆ ಉಳಿದು ಬಂದುದು ಪಶ್ಚಿಮ ಭಾರತದ ಜೈನ ಗ್ರಂಥಭಂಡಾರಗಳಲ್ಲಿ. ಅಲ್ಲಿಂದ ಬೆಳಕಿಗೆ ಬಂದು 1926ರಲ್ಲಿ ಬರೋಡೆಯಲ್ಲಿ ಅದು ಮುದ್ರಿತವಾಯಿತು. ತಮ್ಮ ಮತವನ್ನು ಖಂಡಿಸಿದ ಗ್ರಂಥವನ್ನೂ ಶತಮಾನಗಳ ಕಾಲ ಜೋಪಾನವಾಗಿ ಕಾಪಾಡಿದ ಆ ಭಂಡಾರಗಳ ಔದಾರ್ಯವು ವಿದ್ಯಾಕ್ಷೇತ್ರದಲ್ಲಿ ಆದರ್ಶಪ್ರಾಯವಾದುದು.

12ನೆಯ ಶತಮಾನದ ಅಂತ್ಯದ ದಾಳಿಗಳಿಂದ ಮಗಧದ ವಿಹಾರಗಳು ಹಾಳಾದುವು. 1235ರ ಸುಮಾರಿಗೆ ಅಲ್ಲಿಗೆ ಬಂದ ಟಿಬೆಟ್ಟಿನ ಧರ್ಮಸ್ವಾಮಿಯು ತೊಂಬತ್ತು ವರ್ಷ ಮೀರಿದ ರಾಹುಲಶ್ರೀಭದ್ರನು ಎಪ್ಪತ್ತು ಮಂದಿ ಶಿಷ್ಯರಿಗೆ ಇನ್ನೂ ಪಾಠ ಹೇಳುತ್ತಿದ್ದುದನ್ನು ಕಂಡನು. ಆ ಪಾಠಶಾಲೆಯ ಸುದ್ದಿಯೂ ಲೋಕಕ್ಕೆ ತಿಳಿದುದು ಅತಿಥಿಯ ಚರಿತ್ರೆಯಿಂದಲೇ. ಕಾಲಾಂತರದಲ್ಲಿ ನಾಲಂದೆ ಎಲ್ಲಿತ್ತೆಂಬುದೇ ಮರೆತುಹೋಯಿತು. 1861-62ರ ವೇಳೆಗೆ ಅಲೆಕ್ಸಾಂಡರ್ ಕನಿಂಗ್‌ಹ್ಯಾಮನು ಬಡಗಾಂವ್ ಗ್ರಾಮದ ದಿಬ್ಬಗಳೇ ನಾಲಂದೆಯೆಂದು ಗುರುತಿಸಿದುದು ಹ್ಯೂಯೆನ್‌ತ್ಸಾಂಗನು ಕೊಟ್ಟ ದೂರ ದಿಕ್ಕುಗಳ ವಿವರಗಳ ಆಧಾರದಿಂದ. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿ ಕನ್ನಡ ನಾಡಿನ ಇತಿಹಾಸಕ್ಕೂ ಆಧಾರವಾಗಿರುವುದು ಇದೇ ಯಾತ್ರಿಕನ ಬರಹವೇ. ಮುಂದೆ 1929ರಿಂದ 1938ರವರೆಗೆ ನಾಲ್ಕು ಬಾರಿ ಟಿಬೆಟ್ಟಿಗೆ ಹೋದ ರಾಹುಲ ಸಾಂಕೃತ್ಯಾಯನರು ಅಲ್ಲಿನ ಮಠಗಳಲ್ಲಿದ್ದ ಸಂಸ್ಕೃತದ ಓಲೆಗರಿಗಳನ್ನು ಪ್ರತಿಮಾಡಿಯೂ ಛಾಯಾಚಿತ್ರ ತೆಗೆದೂ ಪಾಟ್ನಾಕ್ಕೆ ತಂದರು. ಮಗಧದಿಂದ ಹೊರಟ ವಿದ್ಯೆ ಹೀಗೆ ಮಗಧಕ್ಕೆ ಮರಳಿತು.

ರಕ್ಷಣೆ ಮತ್ತು ವಿತರಣೆ ಪರಸ್ಪರ ವಿರುದ್ಧವೆಂಬ ಭಾವನೆ ಇಂದಿಗೂ ಕೆಲವೆಡೆ ಉಂಟು. ತೋರಿಸಿದರೆ ಸವೆದೀತು, ಕೊಟ್ಟರೆ ಕಳೆದೀತು ಎಂದು ದಾಖಲೆಗಳನ್ನು ಬೀರುಗಳಲ್ಲಿ ಬೀಗ ಹಾಕಿಡುವುದು ವಾಡಿಕೆ. ನಾಲಂದೆಯ ಚರಿತ್ರೆ ಇದಕ್ಕೆ ವಿರುದ್ಧವಾದ ಪಾಠವನ್ನು ಹೇಳುತ್ತದೆ. ಒಂದೇ ಸ್ಥಳದಲ್ಲಿರುವ ಒಂದೇ ಪ್ರತಿಗೆ ಒಂದು ಕಿಡಿ ಸಾಕು. ಹಲವರ ಕೈಸೇರಿದ ಹಲವು ಪ್ರತಿಗಳನ್ನು ಕಾಲವೂ ಸುಲಭವಾಗಿ ಅಳಿಸಲಾರದು. ಇಂದಿನ ವಿಶ್ವವಿದ್ಯಾನಿಲಯಗಳ ನಡವಳಿ ಪುಸ್ತಕಗಳು, ಪ್ರವೇಶ ಪಟ್ಟಿಗಳು, ಪತ್ರವ್ಯವಹಾರಗಳು ನಾಳಿನ ಚರಿತ್ರೆಕಾರನ ಮೂಲಸಾಮಗ್ರಿ. ಅವುಗಳನ್ನು ಕಾಲಕಾಲಕ್ಕೆ ಪ್ರತಿಮಾಡಿಸಿ, ಬೇರೆ ಬೇರೆ ಸ್ಥಳಗಳಲ್ಲಿರಿಸಿ, ಜಿಜ್ಞಾಸುಗಳ ಕೈಗೆ ದೊರಕುವಂತೆ ಮಾಡುವುದು ವಿದ್ಯಾದಾನದಷ್ಟೇ ಪವಿತ್ರವಾದ ಕರ್ತವ್ಯ.