ಗಾಜಿನ ಗೋಡೆಯೂ ಪ್ಯಾರಿಸ್ಸಿನ ಬೇಸಿಗೆಯೂ

ಒಂದು ಪುಟ್ಟ ಮನೆಯನ್ನು ಬೆಚ್ಚಗಿಡುವುದಾಗಲಿ ತಂಪಾಗಿಡುವುದಾಗಲಿ ಅಷ್ಟೇನೂ ಕಠಿಣವಾದ ಕೆಲಸವಲ್ಲ. ಒಲೆ ಉರಿದರೆ ಚಳಿ ಹಿಂಜರಿಯುತ್ತದೆ. ಕಿಟಕಿ ತೆರೆದರೆ ಸೆಕೆ ಇಳಿಯುತ್ತದೆ. ನೂರಾರು ಮಂದಿ ವಾಸಿಸುವ ಬಹುಮಹಡಿ ಕಟ್ಟಡದಲ್ಲಿ ಈ ಹೊಣೆಯನ್ನು ಯಾರು ಹೊರಬೇಕು? ನಿವಾಸಿಯೆ, ಯಂತ್ರವೆ, ಗೋಡೆಯೆ? ಈ ಶತಮಾನದ ಹಿಂದಿನ ಶತಮಾನದಲ್ಲಿ ವಾಸ್ತುಶಿಲ್ಪಿಗಳನ್ನು ಕಾಡಿದ ಪ್ರಶ್ನೆ ಇದು.

ಲೆ ಕಾರ್ಬೂಸಿಯೆಯ ಉತ್ತರ ದಿಟ್ಟವಾಗಿತ್ತು. ದೇಶ ಯಾವುದೇ ಇರಲಿ, ಋತು ಯಾವುದೇ ಇರಲಿ, ಕಟ್ಟಡದೊಳಗಿನ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಆತ ಸಾರಿದ. ಅದಕ್ಕೆ ಎರಡು ಉಪಾಯಗಳನ್ನು ಕಲ್ಪಿಸಿದ. ಮೊದಲನೆಯದು, ಜೋಡಿ ಗಾಜಿನ ಗೋಡೆ; ಎರಡು ಪದರಗಳ ನಡುವಿನ ತೆರಪಿನಲ್ಲಿ ಚಳಿಗಾಲದಲ್ಲಿ ಬಿಸಿಗಾಳಿಯೂ ಬೇಸಿಗೆಯಲ್ಲಿ ತಣ್ಗಾಳಿಯೂ ಹರಿಯಬೇಕು. ಎರಡನೆಯದು, ಶುದ್ಧೀಕರಿಸಿದ ಗಾಳಿಯನ್ನು ಕೋಣೆಗಳಿಗೆ ಯಂತ್ರದಿಂದಲೇ ಒದಗಿಸುವುದು. ಹೀಗಾದಮೇಲೆ ಕಿಟಕಿಯ ಹಂಗೇಕೆ?

ಪ್ಯಾರಿಸ್ಸಿನಲ್ಲಿ ಸಾಲ್ವೇಶನ್ ಆರ್ಮಿ ಸಂಸ್ಥೆ ನಿರ್ಗತಿಕರಿಗಾಗಿ ಕಟ್ಟಿಸಿದ 'ಸಿತೆ ದ ರೆಫ್ಯೂಜ್' ಎಂಬ ಆಶ್ರಯಧಾಮ ಈ ಕನಸಿನ ಪ್ರಯೋಗಶಾಲೆಯಾಯಿತು. 1933ರ ಡಿಸೆಂಬರಿನಲ್ಲಿ ಅದರ ಪ್ರಾರಂಭೋತ್ಸವ ನಡೆಯಿತು. ದಕ್ಷಿಣದ ಮುಖದಲ್ಲಿ ಸುಮಾರು 1000 ಚದರ ಮೀಟರ್ ಗಾಜು. ತೆರೆಯುವ ಕಿಟಕಿ ಒಂದೂ ಇಲ್ಲ. ಆದರೆ ಹಣದ ಕೊರತೆ ಯೋಜನೆಯನ್ನು ಮೊಟಕುಗೊಳಿಸಿತ್ತು. ಗಾಜಿನ ಎರಡನೆಯ ಪದರ ಬರಲಿಲ್ಲ. ತಂಪುಗೊಳಿಸುವ ಯಂತ್ರವೂ ಬರಲಿಲ್ಲ. ಕಿಟಕಿಯಿಲ್ಲದ ಗೋಡೆ ಮಾತ್ರ ಉಳಿಯಿತು.

ಚಳಿಗಾಲ ಸುಖವಾಗಿಯೇ ಕಳೆಯಿತು. ಬೇಸಿಗೆ ಬಂದಾಗ ನಿಜಸ್ಥಿತಿ ತಿಳಿಯಿತು. ಬಿಸಿಲು ಗಾಜನ್ನು ಸುಲಭವಾಗಿ ಹಾದುಬರುತ್ತದೆ. ಆದರೆ ಕಾದ ನೆಲ, ಮಂಚ, ಗೋಡೆಗಳು ಹೊರಸೂಸುವ ಶಾಖವನ್ನು ಗಾಜು ಹೊರಗೆ ಬಿಡದು. ತಾಯಂದಿರೂ ಮಕ್ಕಳೂ ಇದ್ದ ಕೋಣೆಗಳು ಬೆಂದುಹೋದವು. ಬೇರೆ ನೆಲೆಯಿಲ್ಲದೆ ಬಂದವರು ಅವರು. ಸೆಕೆಯೆಂದು ಬಿಟ್ಟುಹೋಗುವುದಾದರೂ ಎಲ್ಲಿಗೆ? ಕಿಟಕಿ ಇಡುವುದನ್ನು ಕಾರ್ಬೂಸಿಯೆ ಬಲವಾಗಿ ವಿರೋಧಿಸಿದ. ಕಡೆಗೆ 1935ರಲ್ಲಿ ಅಧಿಕಾರಿಗಳ ಒತ್ತಾಯಕ್ಕೆ ಮಣಿದು ತೆರೆಯುವ ಕಿಟಕಿಗಳನ್ನು ಅಳವಡಿಸಬೇಕಾಯಿತು.

ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಬಾಂಬಿನ ಹೊಡೆತಕ್ಕೆ ಆ ಗಾಜು ಪುಡಿಯಾಯಿತು. ಯುದ್ಧಾನಂತರದ ಪುನರ್ನಿರ್ಮಾಣದಲ್ಲಿ ಆ ಮುಖಕ್ಕೆ ಕಾಂಕ್ರೀಟಿನ ಬಿಸಿಲುತಡೆಗಳು ಬಂದವು. ಇವುಗಳ ತತ್ತ್ವ ಸರಳ: ಬೇಸಿಗೆಯ ಸೂರ್ಯ ನೆತ್ತಿಯ ಬಳಿ ಚಲಿಸುವುದರಿಂದ ಅಡ್ಡಹಲಗೆ ಅವನನ್ನು ತಡೆಯುತ್ತದೆ, ತಗ್ಗಿನಲ್ಲಿ ಸಾಗುವ ಚಳಿಗಾಲದ ಸೂರ್ಯನಿಗೆ ಒಳಗೆ ದಾರಿ ಬಿಡುತ್ತದೆ. ಗಾಜಿನೊಳಕ್ಕೆ ಬಂದ ಶಾಖವನ್ನು ಹೊರದಬ್ಬುವುದಕ್ಕಿಂತ ಹೊರಗೇ ನಿಲ್ಲಿಸುವುದು ಲೇಸೆಂಬ ಅರಿವು ಇದು. ಇದೇ ಬಿಸಿಲುತಡೆಗಳು ಅನಂತರ ಚಂಡೀಗಢದ ಸಚಿವಾಲಯದ ಮುಖಲಕ್ಷಣವೇ ಆದವು. ಅಲ್ಲಿಯೂ ಸಮಸ್ಯೆ ಪೂರ್ತಿ ನೀಗಲಿಲ್ಲ. ಹಗಲೆಲ್ಲ ಕಾದ ಕಾಂಕ್ರೀಟು ಸಂಜೆಗೆ ಆ ಕಾವನ್ನು ಹಿಂದಿರುಗಿಸುತ್ತದೆ.

ಇಂದು ನಮ್ಮ ನಗರಗಳಲ್ಲಿ ಗಾಜು ಹೊದ್ದ ಕಟ್ಟಡಗಳು ಸಾಲುಸಾಲಾಗಿ ಏಳುತ್ತಿವೆ. ಅವುಗಳಲ್ಲಿ ತಂಪುಯಂತ್ರಗಳಿವೆ, ನಿಜ. ಆದರೆ ವಿದ್ಯುತ್ತು ನಿಂತ ದಿನ ಒಳಗಿರುವವರ ಗತಿಯೇನು ಎಂಬ ವಿಚಾರ ನಕ್ಷೆ ಬರೆಯುವಾಗಲೇ ಮೂಡಬೇಕು. ಪ್ಯಾರಿಸ್ಸಿನ ನಿರಾಶ್ರಿತರು ಎರಡು ಬೇಸಿಗೆ ಬೆಂದು ಕಲಿಸಿದ ಪಾಠ ಇದು.