ಫೈಬರ್ ಬಾಡಿಗೆ ಯಾವ ಪುಟ್ಟಿ? ಪೇಂಟ್ ಹೊಡೆಯುವ ಮೊದಲು ಗಮನಿಸಬೇಕಾದ್ದು

ದ ವುಡ್‌ಲ್ಯಾಂಡ್ಸ್ (ಟೆಕ್ಸಾಸ್): ಹ್ಯೂಸ್ಟನ್‌ನ ಉತ್ತರಕ್ಕಿರುವ ಈ ಊರಿನ ಹತ್ತಿರವೇ ಲೇಕ್ ಕಾನ್ರೋ ಇದೆ, ಅಲ್ಲಿ ಫೈಬರ್ ಬೋಟುಗಳು. ರಸ್ತೆಯ ಮೇಲೆ 1953ರಿಂದಲೂ ಫೈಬರ್ ಮೈಯಲ್ಲೇ ಬರುತ್ತಿರುವ ಷೆವರ್ಲೆ ಕಾರ್ವೆಟ್ ಕಾರು. ಇಲ್ಲಿನ ಬೋಟಾಗಲಿ, ಮಲ್ಪೆಯ ದೋಣಿಯಾಗಲಿ, ದುಬೈ ಗ್ಯಾರೇಜಿಗೆ ಬಂದ ಫೈಬರ್ ಬಾನೆಟ್ ಆಗಲಿ, ನಿಯಮ ಒಂದೇ: ಪುಟ್ಟಿಯನ್ನು ಆರಿಸಬೇಕಾದ್ದು ಡಬ್ಬಿಯ ಬೆಲೆ ನೋಡಿ ಅಲ್ಲ, ಅಡಿಯಲ್ಲಿರುವ ರೆಸಿನ್ ನೋಡಿ. ಪೇಂಟ್ ಆದಮೇಲೆ ಬಿಸಿಲಿಗೆ ಪುಟ್ಟಿಯ ಅಂಚು ಎದ್ದು ಕಂಡರೆ ಬೈಸಿಕೊಳ್ಳುವವನು ಪೇಂಟರ್, ಮತ್ತೆ ಉಜ್ಜುವವನೂ ಅವನೇ.

ಪಾಲಿಯೆಸ್ಟರ್ ಪುಟ್ಟಿ: ಅಗ್ಗ, ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಸುಲಭವಾಗಿ ಉಜ್ಜಬಹುದು. ಪಾಲಿಯೆಸ್ಟರ್ ರೆಸಿನ್‌ನ ಬಾಡಿಗೆ ಸರಿ. ಪದರ ಸುಮಾರು 6 ಮಿ.ಮೀ. ದಾಟಬಾರದು. ಹಾರ್ಡನರ್ ತೂಕದಲ್ಲಿ ಸುಮಾರು ಶೇ. 2 ಸಾಕು, ಜಾಸ್ತಿ ಹಾಕಿದರೆ ಪೇಂಟಿನ ಮೇಲೆ ಕಲೆ ಏಳಬಹುದು. ಇದರಲ್ಲಿರುವ ಟಾಲ್ಕ್ ಪುಡಿ ತೇವ ಹೀರುವುದರಿಂದ ನೀರಿನೊಳಗಿರುವ ಭಾಗಕ್ಕೆ ಬೇಡ.

ಎಪಾಕ್ಸಿ ಪುಟ್ಟಿ: ಬಾಡಿ ಎಪಾಕ್ಸಿಯದ್ದಾದರೆ ಇದೇ ಬೇಕು. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯದು. ಆದರೆ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಯಾವ ರೆಸಿನ್ ಎಂದು ಗೊತ್ತಾಗದಿದ್ದರೆ ಎಪಾಕ್ಸಿಯೇ ಕ್ಷೇಮ. ರೆಸಿನ್‌ಗೆ ಗಾಜಿನ ಮೈಕ್ರೋಬಲೂನ್ ಪುಡಿ ಕಲಸಿ, ಚಮಚ ಮಗುಚಿದರೂ ಬೀಳದಷ್ಟು ಗಟ್ಟಿ ಮಾಡಿಕೊಳ್ಳಬೇಕು. ಇದು ಹಗುರ, ಉಜ್ಜಲೂ ಸುಲಭ. ಪಾಲಿಯೆಸ್ಟರ್ ಅಭ್ಯಾಸವಾದವರು ಎಡವುವುದು ಇಲ್ಲೇ: ಬೇಗ ಒಣಗಲಿ ಅಂತ ಹಾರ್ಡನರ್ ಹೆಚ್ಚಿಸಿದರೆ ಎಪಾಕ್ಸಿ ಮೆತ್ತಗೇ ಉಳಿಯುತ್ತದೆ. ಡಬ್ಬಿಯ ಮೇಲಿನ ಅಳತೆಯೇ ಅಳತೆ. ಒಣಗಿದ ಮೇಲೆ ಮೇಣದಂಥ ಜಿಡ್ಡು ಕಂಡರೆ ಉಜ್ಜುವ ಮೊದಲೇ ನೀರಲ್ಲಿ ತೊಳೆಯಬೇಕು.

ಪ್ರೆಸ್ಸಿನಲ್ಲಿ ಒತ್ತಿ ತೆಗೆದ ಎಸ್‌ಎಂಸಿ ಪ್ಯಾನೆಲ್‌ಗೆ ಅದಕ್ಕೆಂದೇ ಬರುವ ಪುಟ್ಟಿಯನ್ನೇ ಕೇಳಿ ತರಬೇಕು.

ಉಜ್ಜುವ ಕ್ರಮ: ಪುಟ್ಟಿ ಹಚ್ಚುವ ಮೊದಲು ಜಿಡ್ಡು ಒರೆಸಿ, 80 ನಂಬರ್ ಕಾಗದದಿಂದ ಮೈ ಒರಟು ಮಾಡಿ. ಹಚ್ಚಿ ಒಣಗಿದ ಮೇಲೆ 80, 180, 320 ಎಂದು ಏರುತ್ತಾ ಹೋಗಬೇಕು. ಕಾಗದವನ್ನು ಬರಿಗೈಯಲ್ಲಿ ಹಿಡಿಯದೆ ಉದ್ದ ಮರದ ಬ್ಲಾಕಿಗೆ ಸುತ್ತಿದರೆ ಅಲೆ ಏಳುವುದಿಲ್ಲ. ಕಪ್ಪು ಪೇಂಟನ್ನು ತೆಳ್ಳಗೆ ಹಾರಿಸಿ ಉಜ್ಜಿದರೆ ತಗ್ಗು ಇದ್ದಲ್ಲಿ ಕಪ್ಪು ಉಳಿದು ಕಾಣುತ್ತದೆ.

ಬಿಸಿಲಲ್ಲಿ ಕಾದ ಬಾಡಿಯ ಮೇಲೆ ಪುಟ್ಟಿ ಹಚ್ಚುವ ಮೊದಲೇ ಗಟ್ಟಿಯಾಗುತ್ತದೆ. ನೆರಳಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಿ.

ಕೊನೆಯದಾಗಿ ಮೈ-ಕೈ ಜೋಪಾನ. ಮೂಗಿಗೆ ಕಟ್ಟಿದ ಕರ್ಚೀಫು ಗಾಜಿನ ಧೂಳನ್ನು ತಡೆಯದು, ಫಿಲ್ಟರ್ ಮಾಸ್ಕ್ ಬೇಕು. ಪಾಲಿಯೆಸ್ಟರ್‌ನ ಸ್ಟೈರೀನ್ ವಾಸನೆಗೆ ಆವಿ ತಡೆಯುವ ಕಾರ್ಟ್ರಿಡ್ಜ್ ಬೇಕು. ಎಪಾಕ್ಸಿ ಮುಟ್ಟುವಾಗ ಕೈಗವಸು ಕಡ್ಡಾಯ. ಅದರ ಅಲರ್ಜಿ ಒಮ್ಮೆ ಅಂಟಿದರೆ ಆ ಕೆಲಸವನ್ನೇ ಬಿಡಬೇಕಾದೀತು.