ನಿದ್ರೆ, ಖಿನ್ನತೆ ಮತ್ತು ‘ಸೋಮಾರಿತನ’ವೆಂಬ ಪಾಪ

ಏಳು ಮೂಲಪಾಪಗಳ ಪಟ್ಟಿಯನ್ನು ಬಾಲ್ಯದ ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದವರು ನಮ್ಮಲ್ಲಿ ಅನೇಕರು. ಗರ್ವದಿಂದ ಆರಂಭವಾಗುವ ಆ ಪಟ್ಟಿ ಸೋಮಾರಿತನದಲ್ಲಿ ಕೊನೆಗೊಳ್ಳುತ್ತದೆ. ಹೊತ್ತೇರಿದರೂ ಮುಸುಕು ತೆಗೆಯದೆ ಮಲಗಿರುವ ಮಗನನ್ನೋ ಸೊಸೆಯನ್ನೋ ನಮ್ಮ ಮನೆಗಳಲ್ಲಿ ಇದೇ ಪದದಿಂದ ಗದರಿಸುವುದುಂಟು. ನಾನೂ ಒಮ್ಮೆ ಹಾಗೆ ಗದರಿಸಿದವನೇ. ಆ ಹುಡುಗನಿಗೆ ತಿಂಗಳುಗಟ್ಟಲೆ ರಾತ್ರಿ ನಿದ್ರೆಯೇ ಇರಲಿಲ್ಲವೆಂಬುದು ನನಗೆ ತಿಳಿದುದು ಬಹಳ ತಡವಾಗಿ. ಅಂದಿನಿಂದ ಈ ಪದದ ಚರಿತ್ರೆಯನ್ನು ಅರಸಬೇಕೆಂಬ ಹಂಬಲ ಹುಟ್ಟಿತು.

ಆ ಚರಿತ್ರೆ ನಮ್ಮನ್ನು ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಗೆ ಕರೆದೊಯ್ಯುತ್ತದೆ. ಅಲ್ಲಿ ಏಕಾಂತವಾಸಿಯಾಗಿದ್ದು ಕ್ರಿ.ಶ. 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬ ಸನ್ಯಾಸಿ ‘ಅಕೇಡಿಯ’ ಎಂಬ ಪೀಡೆಯನ್ನು ವರ್ಣಿಸಿದ್ದಾನೆ. ಯಾವುದರಲ್ಲಿಯೂ ಆಸ್ಥೆಯಿಲ್ಲದಿರುವುದು ಎಂದು ಆ ಗ್ರೀಕ್ ಪದದ ಅರ್ಥ. ಬೆಳಗಿನ ಹತ್ತರಿಂದ ಮಧ್ಯಾಹ್ನದ ಎರಡು ಗಂಟೆಯವರೆಗೆ ಅದರ ಕಾಟ. ಸೂರ್ಯ ನಿಂತಲ್ಲೇ ನಿಂತಂತೆ, ಹಗಲಿಗೆ ಐವತ್ತು ಗಂಟೆಗಳಿರುವಂತೆ ಭಾಸವಾಗುತ್ತದೆ. ಕೈಕೆಲಸ, ವಾಸದ ಸ್ಥಳ, ಬದುಕು ಎಲ್ಲವೂ ಜಿಗುಪ್ಸೆ ತರಿಸುತ್ತವೆ. 91ನೆಯ ಕೀರ್ತನೆಯ ಗ್ರೀಕ್ ಅನುವಾದದಲ್ಲಿ ಬರುವ ನಡುಹಗಲಿನ ದೆವ್ವವೇ ಇದೆಂದು ಆ ಸನ್ಯಾಸಿಗಳು ಗುರುತಿಸಿದರು. ಈಜಿಪ್ಟಿನಲ್ಲಿ ಅವರೊಡನೆ ಬಾಳಿ, ಮುಂದೆ ಫ್ರಾನ್ಸಿನ ಮಾರ್ಸೇಲ್ಸಿನಲ್ಲಿ ಮಠಗಳನ್ನು ಕಟ್ಟಿದ ಜಾನ್ ಕಾಸಿಯನ್ ಇನ್ನೊಂದು ಲಕ್ಷಣವನ್ನು ಸೇರಿಸುತ್ತಾನೆ: ಈ ಪೀಡೆ ಹಿಡಿದವನಿಗೆ ದೂರ ಪ್ರಯಾಣ ಮಾಡಿದಷ್ಟು ಆಯಾಸ, ಯಾರನ್ನಾದರೂ ನೋಡಲು ಹೊರಟುಬಿಡಬೇಕು, ಇಲ್ಲವೇ ಮಲಗಿ ನಿದ್ರಿಸಬೇಕು, ಬೇರೆ ದಾರಿಯೇ ಅವನಿಗೆ ತೋಚುವುದಿಲ್ಲ.

ಅಕೇಡಿಯವೇ ಇಂದಿನ ಖಿನ್ನತೆಯೆಂದು ಹೇಳಿಬಿಡುವುದು ದುಡುಕಾದೀತು. ಆದರೂ ಆ ವರ್ಣನೆಯನ್ನು ಓದಿದ ಮನೋವೈದ್ಯರಿಗೆ ತಮ್ಮ ರೋಗಿಗಳ ನೆನಪಾಗದೆ ಇರದು. ಆರನೆಯ ಶತಮಾನದ ಕೊನೆಗೆ ಮಹಾ ಗ್ರೆಗೋರಿಯವರು ತಮ್ಮ ಪಾಪಗಳ ಪಟ್ಟಿಯಲ್ಲಿ ಇದನ್ನು ‘ದುಃಖ’ ಎಂಬ ಹೆಸರಿನಲ್ಲಿಯೇ ಸೇರಿಸಿದ್ದರು. ಅದು ಬರಿಯ ಮೈಗಳ್ಳತನವಾಗಿ ಜನರ ನಾಲಗೆಯಲ್ಲಿ ಉಳಿದುದು ಅನಂತರದ ಮಾತು. ನನ್ನ ಮಟ್ಟಿಗೆ, ಪದವೊಂದು ಹೀಗೆ ಕುಗ್ಗಿದುದರಿಂದ ನೊಂದವರಿಗೆ ಆದ ಅನ್ಯಾಯ ಸಣ್ಣದಲ್ಲ.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಅಕೇಡಿಯವನ್ನು ಪಾಪವೆಂದೇ ಬಗೆದರು. ಆದರೆ ಅದೇ ಚರ್ಚೆಯಲ್ಲಿ, ದೇಹದ ಯಾವುದೇ ಕೊರತೆ ಮನುಷ್ಯನನ್ನು ದುಃಖದತ್ತ ವಾಲಿಸುತ್ತದೆ, ಉಪವಾಸವಿರುವವರಿಗೆ ನಡುಹಗಲಿನಲ್ಲಿ ಇದು ಹೆಚ್ಚಾಗಿ ಕಾಡುವುದು ಹಸಿವಿನಿಂದ ಮತ್ತು ಬಿಸಿಲಿನಿಂದ ಎಂದು ಒಪ್ಪಿಕೊಂಡರು. ಇನ್ನೂ ಅಚ್ಚರಿಯ ಸಂಗತಿಯೊಂದಿದೆ. ಅವರ ಮಹಾಗ್ರಂಥವಾದ ‘ಸುಮ್ಮಾ ಥಿಯೋಲಾಜಿಯಾ’ದಲ್ಲಿ ದುಃಖಕ್ಕೆ ಪರಿಹಾರಗಳೇನು ಎಂಬ ಪ್ರಶ್ನೆ ಬರುತ್ತದೆ. ಸಂತೋಷ, ಕಣ್ಣೀರು, ಗೆಳೆಯರ ಸಹಾನುಭೂತಿ, ಸತ್ಯದ ಧ್ಯಾನ ಇವುಗಳ ಸಾಲಿನಲ್ಲಿ ಅವರು ನಿದ್ರೆಯನ್ನೂ ಸ್ನಾನವನ್ನೂ ಹೆಸರಿಸುತ್ತಾರೆ! ಇದಕ್ಕೆ ಅವರು ಕರೆಯುವ ಸಾಕ್ಷಿ ಸಂತ ಅಗಸ್ಟೀನರು. ಕ್ರಿ.ಶ. 387ರಲ್ಲಿ ಓಸ್ಟಿಯಾ ಬಂದರಿನಲ್ಲಿ ತಾಯಿ ಮೋನಿಕಾ ತೀರಿಕೊಂಡಾಗ ಅಗಸ್ಟೀನರು ಅಳುವನ್ನು ಬಲವಂತವಾಗಿ ತಡೆದುಕೊಂಡಿದ್ದರು. ಸ್ನಾನ ಮಾಡಿದರೂ ಎದೆಯ ಭಾರ ಇಳಿಯಲಿಲ್ಲ. ಒಂದು ನಿದ್ರೆ ಮಾಡಿ ಎದ್ದಾಗ ಮಾತ್ರ ದುಃಖ ತುಸು ಹಗುರಾಗಿತ್ತೆಂದು ಅವರೇ ತಮ್ಮ ‘ಕನ್ಫೆಷನ್ಸ್’ ಗ್ರಂಥದಲ್ಲಿ ಬರೆದಿದ್ದಾರೆ. ಬಳಿಕ ಒಬ್ಬರೇ ಇದ್ದಾಗ ಅವರು ಅತ್ತರು.

ಆದರೆ ಸಹಜ ದುಃಖಕ್ಕೆ ಒದಗುವ ಈ ನಿದ್ರೆ ಖಿನ್ನತೆಯ ರೋಗಿಗೆ ಸುಲಭವಾಗಿ ಒದಗುವುದಿಲ್ಲ. ಕೆಲವರು ಬೆಳಗಿನ ಮೂರಕ್ಕೋ ನಾಲ್ಕಕ್ಕೋ ಎಚ್ಚೆತ್ತು ಮತ್ತೆ ಕಣ್ಣು ಮುಚ್ಚಲಾರರು. ಇನ್ನು ಕೆಲವರು ಹತ್ತು ಹನ್ನೆರಡು ಗಂಟೆ ಮಲಗಿದರೂ ದಣಿವಾರದೆ ಏಳುತ್ತಾರೆ. ಮಲಗಿದವನ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ನಿದ್ರೆಯ ಘಟ್ಟವೊಂದನ್ನು 1953ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಪ್ರಕಟಿಸಿದರು. ಆರೋಗ್ಯವಂತರಲ್ಲಿ ಸುಮಾರು 90 ನಿಮಿಷಗಳ ನಿದ್ರೆಯ ನಂತರ ಬರುವ ಈ ಘಟ್ಟ ಖಿನ್ನತೆಯುಳ್ಳ ಅನೇಕರಲ್ಲಿ ಬೇಗನೆ ಬಂದುಬಿಡುತ್ತದೆಂದು 1970ರ ದಶಕದಲ್ಲಿ ಕಂಡುಬಂದಿತು. ಅಮೆರಿಕದ ಸುಮಾರು 8000 ಜನರನ್ನು ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಮಾತನಾಡಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ಆವರೆಗಿನ ತಿಳಿವಳಿಕೆಯನ್ನೇ ಕದಲಿಸಿತು. ನಿದ್ರಾಹೀನತೆ ಎರಡು ಬಾರಿಯೂ ಕಂಡುಬಂದವರಲ್ಲಿ ಹೊಸದಾಗಿ ಖಿನ್ನತೆ ತಲೆದೋರುವ ಸಂಭವ ಬಹಳ ಹೆಚ್ಚಾಗಿತ್ತು. ಖಿನ್ನತೆಯ ನೆರಳೆಂದು ಭಾವಿಸಿದ್ದ ನಿದ್ರಾಭಂಗ ಎಷ್ಟೋ ಸಲ ಅದಕ್ಕಿಂತ ಮುಂದೆ ನಡೆಯುತ್ತದೆಂದಾಯಿತು.

ಖಿನ್ನತೆಯ ತೀವ್ರತೆಯನ್ನು ಅಳೆಯಲು ಮ್ಯಾಕ್ಸ್ ಹ್ಯಾಮಿಲ್ಟನ್ ಎಂಬ ಮನೋವೈದ್ಯರು 1960ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಅದರ 17 ಅಂಶಗಳಲ್ಲಿ ಮೂರು ನಿದ್ರೆಗೇ ಮೀಸಲು: ಮಲಗಿದ ಮೇಲೆ ನಿದ್ರೆ ಹತ್ತುತ್ತದೆಯೇ, ನಡುರಾತ್ರಿಯಲ್ಲಿ ಎಚ್ಚರವಾಗುತ್ತದೆಯೇ, ನಸುಕಿಗೆ ಮುಂಚೆಯೇ ಎದ್ದು ಕೂರುವಂತಾಗುತ್ತದೆಯೇ. ಆ ಹುಡುಗನನ್ನು ನಾನು ಈ ಮೂರರಲ್ಲಿ ಒಂದನ್ನೂ ಕೇಳಿರಲಿಲ್ಲ.